ಮಾವನ ಜಾರು, ನನ್ನ ಸ್ಕ್ರೀನು

ನಾನು ಕೆಲಸ ಮಾಡುವುದು ಬೆಂಗಳೂರಿನ ಪೂರ್ವ ದಿಕ್ಕಿನ ಒಂದು ಅಪಾರ್ಟ್‌ಮೆಂಟಿನ ಎರಡನೇ ಬೇಸ್‌ಮೆಂಟಿನಲ್ಲಿ. ಮೇಲೆ 520 ಮನೆ, ಕೆಳಗೆ ಅಷ್ಟೂ ಮನೆಗಳ ಕೊಳಚೆ ನೀರು, ನಡುವೆ ನಾವು ಐದು ಜನ. ನೆಂಟರ ಮನೆಯಲ್ಲಿ ಯಾರಾದರೂ ಕೇಳಿದರೆ 'ಎನ್ವಿರಾನ್‌ಮೆಂಟ್ ಎಂಜಿನಿಯರ್' ಅನ್ನುತ್ತೇನೆ. ಎಸ್‌ಟಿಪಿ, ಕೊಳಚೆ ನೀರು ಶುದ್ಧ ಮಾಡುವ ಪ್ಲಾಂಟ್, ಅಂದರೆ ಎದುರಿಗಿದ್ದವರು ಕುರ್ಚಿ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳುತ್ತಾರೆ.

ಈ ಪ್ಲಾಂಟ್ ಕಟ್ಟಿದ್ದು 280 ಮನೆಗಳಿಗೆ. ಆಮೇಲೆ ಎರಡನೇ ಹಂತದ ಟವರ್‌ಗಳು ಎದ್ದವು, ಜನ ತುಂಬಿದರು, ಪ್ಲಾಂಟ್ ಮಾತ್ರ ಇದ್ದಷ್ಟೇ ಇತ್ತು. ಈ ಊರು ಬೆಳೆದಿರುವುದೇ ಹಾಗೆ ಅಲ್ವಾ? 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಒಣಗಿ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಆದೇಶ ಬಂದಾಗ, ಕಮಿಟಿಯವರಿಗೆ ಬೇಸ್‌ಮೆಂಟಿನ ನೆನಪಾಯಿತು. ನಾನು ಒಂದು ಹಾಳೆಯಲ್ಲಿ ಲೆಕ್ಕ ಬರೆದುಕೊಟ್ಟೆ. ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಅಂತ ಹಿಡಿಯುತ್ತಾರೆ. ಅದರಲ್ಲಿ 45 ಲೀಟರ್ ಹೋಗುವುದು ಫ್ಲಶ್‌ಗೆ. ನಮ್ಮಲ್ಲಿರುವ ಸುಮಾರು 1,800 ಜನಕ್ಕೆ ಬರೀ ಫ್ಲಶ್ಶೇ ದಿನಕ್ಕೆ 80 ಸಾವಿರ ಲೀಟರ್. 12 ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಹೆಚ್ಚು ಕಡಿಮೆ ಏಳು ಲೋಡ್. ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತಂದ ಕಾವೇರಿಯನ್ನು ಕಮೋಡಿಗೆ ಸುರಿಯುವುದು ಯಾವ ಜಾಣತನ ಅಂತ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೆ. ಫ್ಲಶ್‌ಗೆ ಪ್ಲಾಂಟಿನಲ್ಲಿ ಶುದ್ಧ ಮಾಡಿದ ನೀರನ್ನೇ ಕೊಡಲು ದುಡ್ಡು ಮಂಜೂರಾಯಿತು.

ಹೊಸ ಟ್ಯಾಂಕ್ ಕಟ್ಟಲು ಜಾಗ ಇರಲಿಲ್ಲ. ಹಾಗಾಗಿ ಎಸ್‌ಬಿಆರ್ ಪದ್ಧತಿಗೆ ಹೋದೆವು. ಹಳೇ ಪದ್ಧತಿಯಲ್ಲಿ ಗಾಳಿ ಊದುವ ಟ್ಯಾಂಕ್ ಬೇರೆ, ಕೆಸರು ಕೂರಿಸುವ ಟ್ಯಾಂಕ್ ಬೇರೆ. ಎಸ್‌ಬಿಆರ್‌ನಲ್ಲಿ ಎರಡೂ ಒಂದೇ ಟ್ಯಾಂಕಿನಲ್ಲಿ, ಸರದಿ ಪ್ರಕಾರ. ಕೊಳಚೆ ತುಂಬು, ಗಾಳಿ ಊದು, ನಿಲ್ಲಿಸು, ಕೆಸರು ಕೂತ ಮೇಲೆ ತಿಳಿ ತೆಗೆ. ಇದ್ದ ಟ್ಯಾಂಕಿಗೇ ನಡುವೆ ಗೋಡೆ ಹಾಕಿ ಎರಡು ಮಾಡಿದೆವು. ಜೊತೆಗೆ ಡಿಒ ಮೀಟರ್ ಬಂತು. ನೀರಲ್ಲಿ ಎಷ್ಟು ಆಮ್ಲಜನಕ ಕರಗಿದೆ ಅಂತ ನೋಡಿ, ಗಾಳಿ ಊದುವ ಬ್ಲೋವರಿನ ವೇಗವನ್ನು ತಾನೇ ಏರಿಸಿ ಇಳಿಸುತ್ತದೆ. ಕೊಳಚೆ ತಿನ್ನುವುದು ಬ್ಯಾಕ್ಟೀರಿಯಾ. ಅವಕ್ಕೆ ಲೀಟರಿಗೆ 2 ಮಿಲಿಗ್ರಾಂ ಸಿಕ್ಕರೆ ಸಾಕು. ಜಾಸ್ತಿ ಊದಿದರೆ ಕರೆಂಟ್ ದಂಡ.

ಹಿರಿಯ ಆಪರೇಟರ್ ಒಬ್ಬರಿದ್ದಾರೆ. ಇಡೀ ಮೇಂಟೆನೆನ್ಸ್ ತಂಡಕ್ಕೆ ಅವರು 'ಮಾವ'. ಹದಿನೆಂಟು ವರ್ಷದಿಂದ ಇದೇ ಕೆಲಸ. ಪ್ರತಿ ಶಿಫ್ಟಿಗೆ ಒಮ್ಮೆ ಒಂದು ಲೀಟರಿನ ಗಾಜಿನ ಜಾರಿನಲ್ಲಿ ಟ್ಯಾಂಕಿನ ನೀರು ಹಿಡಿದು, ಅರ್ಧ ಗಂಟೆ ಅಲುಗಾಡಿಸದೆ ಇಟ್ಟು, ಕೆಸರು ಎಷ್ಟಕ್ಕೆ ಇಳಿಯಿತು ಅಂತ ಬರೆದಿಡುತ್ತಿದ್ದರು. ಹೊಸ ಪ್ಯಾನೆಲ್ ಚಾಲೂ ಆದ ದಿನ ನಾನು ದೊಡ್ಡ ಎಂಜಿನಿಯರ್ ಹಾಗೆ ಹೇಳಿದೆ. "ಮಾವ, ಇನ್ನು ಜಾರಿನ ಕಾಟ ಇಲ್ಲ. ಸ್ಕ್ರೀನ್ ನೋಡ್ಕೊಳಿ, ಸಾಕು."

"ಆಯ್ತು ಸಾರ್" ಅಂದರು. ಅಷ್ಟೇ.

ಐದಾರು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೊಂದು ಬೆಳಿಗ್ಗೆ ಆರು ಗಂಟೆಗೆ ವಾಟ್ಸಾಪ್ ಗ್ರೂಪಿನಲ್ಲಿ ಕಮೋಡಿನ ಫೋಟೋ ಬಿತ್ತು. ಫ್ಲಶ್ ನೀರು ಮಣ್ಣುಬಣ್ಣ. ಎಂಟು ಗಂಟೆಗೆ ಅಂಥವು ಹನ್ನೊಂದು. ಒಬ್ಬರು ಚಹಾ ಕಪ್ಪಿನ ಪಕ್ಕ ಬಕೆಟ್ ಇಟ್ಟು ತೆಗೆದು ಕಳಿಸಿದ್ದರು, ಬಣ್ಣ ಹೋಲಿಸಿ ನೋಡಲಿ ಅಂತ.

ನಾನು ಓಡಿ ಹೋಗಿ ಸ್ಕ್ರೀನ್ ನೋಡಿದೆ. ಡಿಒ 0.7. ಎರಡು ಬ್ಲೋವರೂ 50 ಹರ್ಟ್ಜ್‌ನಲ್ಲಿ, ಅಂದರೆ ಪೂರ್ತಿ ವೇಗದಲ್ಲಿ ಕಿರುಚುತ್ತಿವೆ. ಆದರೂ ಗಾಳಿ ಸಾಲುತ್ತಿಲ್ಲ. ಕಾರಣ ನನ್ನ ಬಾಯಲ್ಲೇ ಸಿದ್ಧ ಇತ್ತು: ಜನ ಜಾಸ್ತಿಯಾದರು, ಲೋಡ್ ಜಾಸ್ತಿಯಾಯಿತು. ಮೂರನೇ ಬ್ಲೋವರ್ ಬೇಕು ಅಂತ ಕಮಿಟಿಗೆ ಮೇಲ್ ಹಾಕಿದೆ, ಕೊಟೇಶನ್ ತರಿಸಿದೆ. ಅದು ಬರುವವರೆಗೆ ಇರಲಿ ಅಂತ ಕೆಸರನ್ನು ಗಡ್ಡೆಗಟ್ಟಿಸುವ ಪಾಲಿ ರಾಸಾಯನಿಕದ ಡೋಸ್ ಏರಿಸಿದೆ, ಸ್ಯಾಂಡ್ ಫಿಲ್ಟರಿನ ಮರಳು ಬದಲಿಸಿದೆ. ಮೂರು ವಾರ ಹೀಗೇ ಹೋಯಿತು. ನೀರು ಎರಡು ದಿನ ತಿಳಿ, ಮೂರನೇ ದಿನ ಮತ್ತೆ ಅದೇ. ಅಷ್ಟರಲ್ಲಿ ಕರೆಂಟ್ ಬಿಲ್ ಹಿಡಿದುಕೊಂಡು ಖಜಾಂಚಿಯವರೂ ಕೆಳಗೆ ಇಳಿದು ಬಂದರು.

ಅವತ್ತು ಸಂಜೆ ಮಾವ ಕರೆದರು. ಪ್ಯಾನೆಲ್ ರೂಮಿನ ಹಿಂದೆ, ಕ್ಲೋರಿನ್ ಡ್ರಮ್ಮಿನ ಪಕ್ಕ, ಜಾರು ಇತ್ತು. ಕೆಸರು ಚೆನ್ನಾಗಿ ತಳಕ್ಕೆ ಕೂತಿತ್ತು, ಮೇಲೆ ತಿಳಿ. "ಇದು ಅರ್ಧ ಗಂಟೆದು. ಇನ್ನೊಂಚೂರು ಹೊತ್ತು ಇರಿ ಸಾರ್" ಅಂದರು. ಚಹಾ ತರಿಸಿದರು. ಕುಡಿಯುತ್ತಾ ಕೂತೆವು. ಒಂದು ಗಂಟೆ ದಾಟಿದ ಮೇಲೆ ಕೆಸರಿನ ಮೈಮೇಲೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಕಂಡವು. ಒಂದು ಮೂಲೆ ಮೆಲ್ಲಗೆ ಎದ್ದಿತು. ನೋಡನೋಡುತ್ತಿದ್ದಂತೆ ಇಡೀ ಕೆಸರು ಒಂದೇ ಗಡ್ಡೆಯಾಗಿ, ಹುದುಗು ಬಂದ ದೋಸೆ ಹಿಟ್ಟಿನ ಹಾಗೆ, ಜಾರಿನ ಬಾಯಿಗೆ ಬಂದು ನಿಂತಿತು.

"ಗಾಳಿ ಕಮ್ಮಿಯಾಗಿಲ್ಲ ಸಾರ್. ಜಾಸ್ತಿ ಆಗೈತೆ."

ನನಗೆ ಓದಿದ್ದೆಲ್ಲಾ ಒಟ್ಟಿಗೆ ನೆನಪಾಯಿತು. ಗಾಳಿ ಜಾಸ್ತಿಯಾದರೆ ಕೊಳಚೆಯ ಅಮೋನಿಯಾ ಎಲ್ಲಾ ನೈಟ್ರೇಟ್ ಆಗುತ್ತದೆ. ಬ್ಲೋವರ್ ನಿಂತು ಕೆಸರು ಕೂತ ಮೇಲೆ ತಳದಲ್ಲಿ ಆಮ್ಲಜನಕ ಮುಗಿಯುತ್ತದೆ. ಆಗ ಬ್ಯಾಕ್ಟೀರಿಯಾಗಳು ನೈಟ್ರೇಟಿನೊಳಗಿನ ಆಮ್ಲಜನಕವನ್ನೇ ಕಿತ್ತುಕೊಳ್ಳುತ್ತವೆ. ಉಳಿದ ನೈಟ್ರೋಜನ್ ಗುಳ್ಳೆಯಾಗಿ ಕೆಸರನ್ನು ಎತ್ತುತ್ತದೆ. ನಮ್ಮ ಪ್ಲಾಂಟಿನಲ್ಲಿ ಅದು ಏಳುತ್ತಿದ್ದದ್ದು ಸರಿಯಾಗಿ ತಿಳಿ ತೆಗೆಯುವ ಹೊತ್ತಿಗೆ. ನೈಟ್ರೇಟ್ ಕಳೆಯಲೆಂದೇ ಪ್ರೋಗ್ರಾಂನಲ್ಲಿ ಗಾಳಿ ನಿಲ್ಲಿಸುವ ಹೊತ್ತು ಇತ್ತು. ಆದರೆ ನೀರಲ್ಲಿ ಅಷ್ಟು ಗಾಳಿ ತುಂಬಿದ್ದರಿಂದ, ಅದರ ಆಮ್ಲಜನಕ ಖರ್ಚಾಗಿ ಮುಗಿಯುವಷ್ಟರಲ್ಲಿ ಆ ಹೊತ್ತೂ ಸುಮ್ನೆ ಕಳೆದುಹೋಗುತ್ತಿತ್ತು.

ಹಾಗಾದರೆ 0.7 ಎಲ್ಲಿಂದ ಬಂತು? ಚೈನು ಹಿಡಿದು ಡಿಒ ಪ್ರೋಬನ್ನು ಮೇಲೆತ್ತಿದೆವು. ತುದಿಗೆ ಬೆರಳು ದಪ್ಪ ಕಂದು ಲೋಳೆ, ಅದಕ್ಕೆ ಕೂದಲು, ಕೂದಲಿಗೆ ಒಂದು ವೆಟ್ ವೈಪ್ ಸುತ್ತಿಕೊಂಡಿತ್ತು. ಆ ಲೋಳೆಯಲ್ಲೂ ಬ್ಯಾಕ್ಟೀರಿಯಾ ಇರುತ್ತವೆ, ಅವೂ ಉಸಿರಾಡುತ್ತವೆ. ಮೀಟರ್ ಅಳೆಯುತ್ತಿದ್ದದ್ದು ಲೋಳೆಯೊಳಗಿನ ಆಮ್ಲಜನಕವನ್ನು, ಟ್ಯಾಂಕಿನದ್ದಲ್ಲ. ಅದು 'ಸಾಲದು' ಅಂದಷ್ಟೂ ಪ್ಯಾನೆಲ್ ಊದುತ್ತಲೇ ಇತ್ತು. ಮಾವ ಹೆಗಲ ಮೇಲಿನ ಟವೆಲ್ಲಿನ ತುದಿ ಒದ್ದೆ ಮಾಡಿ ಮೆಲ್ಲಗೆ ಒರೆಸಿ ಮತ್ತೆ ಇಳಿಬಿಟ್ಟರು. ಸ್ಕ್ರೀನಿನಲ್ಲಿ 0.7 ಇದ್ದದ್ದು ಏರುತ್ತಾ ಏರುತ್ತಾ 5.8ಕ್ಕೆ ಬಂದು ನಿಂತಿತು. ಸ್ವಲ್ಪ ಹೊತ್ತಿಗೆ ಬ್ಲೋವರಿನ ಕಿರುಚಾಟ ಇಳಿಯಿತು. ಆ ಬೇಸ್‌ಮೆಂಟಿನಲ್ಲಿ ಇಬ್ಬರು ಮಾಮೂಲಿ ದನಿಯಲ್ಲಿ ಮಾತಾಡಬಹುದು ಅಂತ ಮರೆತೇಹೋಗಿತ್ತು.

ಇಷ್ಟಾದರೆ ಇದೊಂದು ತಮಾಷೆ ಕಥೆಯಾಗಿ ಮುಗಿಯುತ್ತಿತ್ತು. ಆದರೆ ಮಾವ ಹಳೇ ಲಾಗ್‌ಬುಕ್ ತಂದು ನನ್ನ ಮುಂದಿಟ್ಟರು. ನಾನು ಬೇಡ ಅಂದ ಮೇಲೂ ಅವರು ಒಂದು ಶಿಫ್ಟೂ ಬಿಡದೆ ಜಾರು ಇಟ್ಟಿದ್ದರು. ಮೊದಲ ಫೋಟೋ ಬೀಳುವುದಕ್ಕೆ ಒಂಬತ್ತು ದಿನ ಮುಂಚೆಯೇ ಗುಂಡು ಅಕ್ಷರದಲ್ಲಿ ಬರೆದಿತ್ತು: 'ಕೆಸರು ಮೇಲಕ್ಕೆ ಬಂತು.' ಮಾರನೇ ದಿನ ಮತ್ತೆ. ಆಮೇಲೆ ದಿನಾ.

"ಮಾವ, ಯಾಕೆ ಹೇಳಲಿಲ್ಲ?"

"ನೀವು ಜಾರು ಬ್ಯಾಡ ಅಂದಿದ್ರಲ್ಲ ಸಾರ್. ಇಟ್ಟಿದ್ದೀನಿ ಅಂತ ಹೆಂಗೆ ಹೇಳೋದು?"

ಪ್ರೋಬನ್ನು ವಾರಕ್ಕೊಮ್ಮೆ ಒರೆಸಬೇಕು ಅಂತ ಮ್ಯಾನ್ಯುಯಲ್‌ನಲ್ಲಿ ಇತ್ತು. ಅರವತ್ತು ಪುಟದ ಇಂಗ್ಲಿಷ್ ಮ್ಯಾನ್ಯುಯಲ್. ಲ್ಯಾಮಿನೇಟ್ ಮಾಡಿಸಿ ಗೋಡೆಗೆ ತೂಗುಹಾಕಿದ್ದವನು ನಾನೇ. ಟ್ರೈನಿಂಗಿನಲ್ಲಿ ಸ್ಕ್ರೀನಿನ ಒಂದೊಂದು ಬಟನ್ನೂ ತೋರಿಸಿದ್ದೆ. ಪ್ರೋಬ್ ಎಲ್ಲಿ ಮುಳುಗಿದೆ ಅಂತ ಮಾತ್ರ ಯಾರಿಗೂ ತೋರಿಸಿರಲಿಲ್ಲ.

ಬ್ಲೋವರಿನ ಕೊಟೇಶನ್ ವಾಪಸ್ ತೆಗೆದುಕೊಂಡೆ. ಕಮಿಟಿ ಮೀಟಿಂಗಿನಲ್ಲಿ ಕಾರಣ ಹೇಳುವಾಗ ನಾಲಿಗೆ ತಡವರಿಸಿತು, ಆದರೂ ಹೇಳಿದೆ. ಲಾಗ್‌ಬುಕ್ ಈಗ ಅಧಿಕೃತ. ಅಂಕಣಗಳು ಕನ್ನಡದಲ್ಲಿವೆ. ಅರ್ಧ ಗಂಟೆಯ ಜಾರು, ಎರಡು ಗಂಟೆಯ ಜಾರು, ಬಣ್ಣ, ವಾಸನೆ. ವಾಸನೆ ಅಂಕಣದಲ್ಲಿ ಮಾವ 'ಮಳೆ ಬಿದ್ದ ಮಣ್ಣು' ಅಂತ ಬರೆದರೆ ಪ್ಲಾಂಟ್ ಚೆನ್ನಾಗಿದೆ ಅಂತ ಅರ್ಥ. ಬ್ಲೋವರ್ ಎರಡು ಗಂಟೆಗಿಂತ ಜಾಸ್ತಿ ಪೂರ್ತಿ ವೇಗದಲ್ಲಿ ಓಡಿದರೆ ನನ್ನ ಫೋನಿಗೆ ಮೆಸೇಜ್ ಬರುತ್ತದೆ. ಸ್ಕ್ರೀನನ್ನು ನಾನೇನೂ ಬಿಟ್ಟಿಲ್ಲ. ರಾತ್ರಿ ಮೂರು ಗಂಟೆಗೆ ನನಗಿಂತ ಅದೇ ಚುರುಕು.

ನಮ್ಮ ಚಿಕ್ಕಪ್ಪನ ಊರು ಕೋಲಾರದ ಕಡೆ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಆ ಜಿಲ್ಲೆಯ ಕೆರೆಗಳಿಗೆ ಹೋಗುತ್ತಿದೆ. ಹಬ್ಬಕ್ಕೆ ಹೋದಾಗೆಲ್ಲಾ ಕೇಳುತ್ತಾರೆ: "ಏನಪ್ಪಾ, ಸರಿಯಾಗಿ ತೊಳ್ದು ಕಳಿಸ್ತಾ ಇದ್ದೀರಾ?" ನಮ್ಮ ಬೇಸ್‌ಮೆಂಟಿನ ನೀರು ಅಲ್ಲಿಗೆ ಹೋಗುವುದಿಲ್ಲ ಚಿಕ್ಕಪ್ಪ ಅಂತ ಎಷ್ಟು ಸಲ ಹೇಳಿದರೂ ಒಪ್ಪುವುದಿಲ್ಲ. ಈ ಸಲ ಮಾತ್ರ ತಕ್ಷಣ ಹೂಂ ಅನ್ನಲು ಆಗಲಿಲ್ಲ.

ಹೋದ ತಿಂಗಳ ಪೆಟ್ಟಿ ಕ್ಯಾಶ್ ಲೆಕ್ಕ ನೋಡುತ್ತಾ ಖಜಾಂಚಿಯವರು ಒಂದು ಸಾಲಿಗೆ ಬೆರಳಿಟ್ಟರು. "ಬನಿಯನ್ ಬಟ್ಟೆ, ಎರಡು ಕೇಜಿ. ಏನ್ರೀ ಇದು?"

ಅವರನ್ನು ಕೆಳಗೆ ಕರೆದುಕೊಂಡು ಹೋದೆ. ಅವತ್ತು ಸೋಮವಾರ, ಮಾವ ಚೈನು ಎಳೆಯುತ್ತಿದ್ದರು.