ಅವ್ವನ ಹುಣ್ಣಿಮೆ, ನಮ್ಮ ಹುಣ್ಣಿಮೆ

ಕೊಪ್ಪಳದ ನಮ್ಮ ಮನೆಯಲ್ಲಿ ಆಗಿ ಹುಣ್ಣಿಮೆಗೆ, ಅಂದರೆ ವೈಶಾಖದ ಹುಣ್ಣಿಮೆಗೆ, ಈಗ ಎರಡು ಹಬ್ಬ. ಅವ್ವನಿಗೆ ಅದು ಹುಲಿಗೆಮ್ಮನ ಹುಣ್ಣಿಮೆ. ನನಗೆ, ನಮ್ಮ ಮನೆಯವರಿಗೆ, ಮಗಳಿಗೆ ಅದು ಬುದ್ಧ ಪೂರ್ಣಿಮೆ. ಎರಡನ್ನೂ ಒಂದೇ ಸೂರಿನಡಿ ಮಾಡೋದು ಹೇಗೆ ಅಂತ ಬಹಳ ಜನ ಕೇಳುತ್ತಾರೆ. ಕೇಳುವವರಲ್ಲಿ ಕೆಲವರು ಈಗಷ್ಟೇ ದೀಕ್ಷೆ ತಗೊಂಡವರು, ಮನೆಯಲ್ಲಿ ವಯಸ್ಸಾದ ತಾಯಿ ಇರುವವರು. ಅವರಿಗಾಗಿ ಹೋದ ಸಲದ ಹುಣ್ಣಿಮೆ ಹೇಗೆ ಕಳೆಯಿತು ಅಂತ ಬರೆಯುತ್ತಿದ್ದೇನೆ.

ಮೊದಲು ಸ್ವಲ್ಪ ಹಿಂದಿನದು. ನಾವು ಬೌದ್ಧ ದೀಕ್ಷೆ ತಗೊಂಡು ಕೆಲವು ವರ್ಷಗಳಾದವು. ಭಂತೇಜಿ, ಅಂದರೆ ಬೌದ್ಧ ಭಿಕ್ಷು, ಒಬ್ಬರು ಬಂದು ತ್ರಿಶರಣ, ಪಂಚಶೀಲ ಹೇಳಿಕೊಟ್ಟರು. ಆಮೇಲೆ ಬಾಬಾಸಾಹೇಬ ಅಂಬೇಡ್ಕರರ 22 ಪ್ರತಿಜ್ಞೆಗಳನ್ನು ಒಂದೊಂದಾಗಿ ಹೇಳಿಸಿದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನ ಹೇಳಿದ ಅವೇ ಮಾತುಗಳು. ಬ್ರಹ್ಮ, ವಿಷ್ಣು, ಮಹೇಶ್ವರರನ್ನು ಪೂಜಿಸುವುದಿಲ್ಲ. ಗೌರಿ, ಗಣಪತಿಯನ್ನು ಪೂಜಿಸುವುದಿಲ್ಲ. ಶ್ರಾದ್ಧ ಮಾಡುವುದಿಲ್ಲ, ಪಿಂಡ ಇಡುವುದಿಲ್ಲ. ನಾನು ಗಟ್ಟಿ ದನಿಯಲ್ಲೇ ಹೇಳಿದೆ. ಹೇಳುವಾಗ ಕಣ್ಣ ಮುಂದೆ ಇದ್ದದ್ದು ದೊಡ್ಡವ್ವನ ಮುಖ.

ದೊಡ್ಡವ್ವ ಅಂದರೆ ಅವ್ವನ ಅಕ್ಕ. ಮನೆಯಲ್ಲಿ ಗಂಡುಮಕ್ಕಳಿಲ್ಲ, ಮೇಲೆ ಬರ. ಸಣ್ಣ ಹುಡುಗಿಗೆ ಮುತ್ತು ಕಟ್ಟಿ ದೇವರಿಗೆ ಬಿಟ್ಟರು. ಅಕ್ಕನನ್ನು ಬಿಟ್ಟಿದ್ದರಿಂದಲೇ ತಂಗಿಗೆ, ಅಂದರೆ ನಮ್ಮವ್ವನಿಗೆ, ಮದುವೆ ಆಯಿತು. ನಾನು ಹುಟ್ಟಿದೆ. ದೇವದಾಸಿ ಪದ್ಧತಿ ನಿಷೇಧದ ಕಾಯ್ದೆ ನಮ್ಮ ರಾಜ್ಯದಲ್ಲಿ ಆದದ್ದು 1982ರಲ್ಲಿ. ಅಷ್ಟರಲ್ಲಿ ದೊಡ್ಡವ್ವನ ಬದುಕು ಮುಗಿದಂತೆಯೇ ಆಗಿತ್ತು. ಆದರೂ ನನ್ನ ನರ್ಸಿಂಗ್ ಫೀಸಿಗೆ ಕಿವಿಯ ಬೆಂಡೋಲೆ ಬಿಚ್ಚಿ ಕೊಟ್ಟವಳು ಅವಳೇ. ಪುಸ್ತಕ ಓದಿ ನನ್ನ ನಂಬಿಕೆ ಬದಲಾಯಿತು ಅಂತ ಬಂಧುಗಳು ಹೇಳುತ್ತಾರೆ. ಓದಿದ್ದು ಆಮೇಲೆ. ದೊಡ್ಡವ್ವನ ಕೊರಳಲ್ಲಿದ್ದ ಆ ಕೆಂಪು ಬಿಳಿ ಮಣಿಗಳನ್ನು ನೋಡುತ್ತಾ ಬೆಳೆದದ್ದು ಮೊದಲು.

ಅವ್ವ ದೀಕ್ಷೆ ತಗೊಳ್ಳಲಿಲ್ಲ. ನಾನು ದೊಡ್ಡವ್ವನ ಮಾತು ಎತ್ತಿದಾಗ ಅವಳು ಹೇಳಿದ್ದು ಇಷ್ಟೇ: "ಮುತ್ತು ಕಟ್ಟಿದಾಕಿ ದೇವಿ ಅಲ್ಲವಾ, ಕಟ್ಟಿದ್ದು ಮಂದಿ. ಮಂದಿ ಮಾಡಿದ್ದಕ್ಕ ದೇವಿನ್ಯಾಕ ಬಿಡ್ಲಿ?" ನನ್ನ ಹತ್ತಿರ ಇದಕ್ಕೆ ಉತ್ತರ ಇದೆ. ಆದರೆ ಅಕ್ಕನನ್ನು ಕಳಕೊಂಡವಳು ಅವ್ವ. ಅವಳ ಎದುರು ಕೂತು ವಾದ ಗೆಲ್ಲೋದು ನನಗೆ ಬೇಕಾಗಿಲ್ಲ.

ಜಗುಲಿ ಮೇಲಿನ ದೇವರ ಫೋಟೋಗಳು ಅವ್ವನ ಕೋಣೆ ಸೇರಿದ್ದು ಒಂದು ಮಧ್ಯಾಹ್ನದ ಕೆಲಸ. ಹಬ್ಬಗಳು ಹಾಗೆ ಸುಲಭಕ್ಕೆ ಜಾಗ ಬಿಡಲಿಲ್ಲ. ಯುಗಾದಿಗೆ ಪಕ್ಕದ ಮನೆಯವರು ತಂಬಿಗೆ ತುಂಬ ಬೇವು ಕಳಿಸುತ್ತಾರೆ. ಕುಡಿಯುತ್ತೇವೆ. ಪಂಚಮಿಗೆ ಉಂಡಿ ಬರುತ್ತವೆ, ಮಗಳು ಜೋಕಾಲಿ ಆಡುತ್ತಾಳೆ. ಗಣಪತಿ ಪಟ್ಟಿ ಕೇಳಲು ಹುಡುಗರು ಬಂದರೆ ನಮ್ಮ ಮನೆಯವರು ಊಟದ ಖರ್ಚಿಗೆ ಅಂತ ಹೇಳಿ ಕೊಡುತ್ತಾರೆ. ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆ. ದಾಸೋಹಕ್ಕೆ ಹಳ್ಳಿ ಹಳ್ಳಿಯಿಂದ ಗಾಡಿಗಟ್ಟಲೆ ಜೋಳದ ರೊಟ್ಟಿ ಬರುತ್ತದೆ. ನಾನೂ ಅವ್ವನ ಜೊತೆ ಕೂತು ರೊಟ್ಟಿ ಬಡಿಯುತ್ತೇನೆ. ಹಸಿದವರಿಗೆ ರೊಟ್ಟಿ ಕೊಡಬೇಡ ಅಂತ ಯಾವ ಪ್ರತಿಜ್ಞೆಯಲ್ಲೂ ಇಲ್ಲವಲ್ಲ.

ಇನ್ನು ರಜೆಯ ವಿಷಯ. ಆಸ್ಪತ್ರೆಯಲ್ಲಿ ಹಬ್ಬದ ದಿನ ಡ್ಯೂಟಿ ಹಾಕುವುದೇ ದೊಡ್ಡ ತಲೆನೋವು. ಏಪ್ರಿಲ್ 14 ಸರ್ಕಾರಿ ರಜೆ, ಆದರೆ ವಾರ್ಡಿಗೆ ರಜೆ ಎಲ್ಲಿಂದ ಬರಬೇಕು? ನಾವು ನರ್ಸುಗಳೇ ಒಂದು ಒಪ್ಪಂದ ಮಾಡಿಕೊಂಡೆವು. ದೀಪಾವಳಿ, ಯುಗಾದಿಗೆ ನಾನು ಡ್ಯೂಟಿ ಮಾಡುತ್ತೇನೆ. ರಂಜಾನ್‌ಗೆ ಒಬ್ಬಳನ್ನು, ಕ್ರಿಸ್‌ಮಸ್‌ಗೆ ಇನ್ನೊಬ್ಬಳನ್ನು ಬಿಡುತ್ತೇವೆ. ಬುದ್ಧ ಪೂರ್ಣಿಮೆಗೆ ಅವರು ನನ್ನನ್ನು ಬಿಡುತ್ತಾರೆ. ಧರ್ಮ ಬದಲಾದ ಮೇಲೆ ನನಗೆ ಸಿಕ್ಕ ಮೊದಲ ಸಹಾಯ ಅದು. ಅದಕ್ಕೆ ನಾನು ಯಾವತ್ತೂ ಋಣಿ.

ಆದರೆ ರಜೆ ತಗೊಂಡು ಮನೆಯಲ್ಲಿ ಮಾಡೋದೇನು? ಮೊದಲ ವರ್ಷ ಮಗಳು ಕೇಳಿಯೇ ಬಿಟ್ಟಳು, "ಮಮ್ಮಿ, ನಮ್ಮ ಹಬ್ಬದಾಗ ಏನ್ ಮಾಡ್ತಾರ ತಿನ್ನಾಕ?" ಇದು ಸಣ್ಣ ಪ್ರಶ್ನೆ ಅಲ್ಲ. ಹಳೆಯ ಹಬ್ಬಗಳಿಗೆಲ್ಲ ಅಡುಗೆ ಗೊತ್ತಿತ್ತು. ಕಡಬು ಅಂದರೆ ಒಂದು ಹಬ್ಬ, ಚಿಗಳಿ ಅಂದರೆ ಇನ್ನೊಂದು. ನಮ್ಮ ಹೊಸ ಹಬ್ಬದಲ್ಲಿ ವಂದನೆ ಇತ್ತು, ಭಾಷಣ ಇತ್ತು, ಒಲೆಗೆ ಕೆಲಸ ಇರಲಿಲ್ಲ. ಗಂಡಸರು ವೇದಿಕೆಯ ಬಗ್ಗೆ ಬಹಳ ಯೋಚಿಸಿದ್ದರು, ಅಡುಗೆಮನೆಯ ಬಗ್ಗೆ ಯಾರೂ ಯೋಚಿಸಿರಲಿಲ್ಲ. ಹಬ್ಬ ಮಕ್ಕಳ ನೆನಪಿನಲ್ಲಿ ಉಳಿಯೋದು ಹೆಚ್ಚಾಗಿ ನಾಲಿಗೆಯಿಂದ ಅಲ್ವಾ? ಜ್ಞಾನೋದಯದ ಮೊದಲು ಸುಜಾತಾ ಎಂಬಾಕೆ ಸಿದ್ಧಾರ್ಥನಿಗೆ ಹಾಲಿನ ಪಾಯಸ ಕೊಟ್ಟ ಕತೆ ನೆನಪಾಯಿತು. ಗಂಗಾವತಿ ಅಕ್ಕಿ ಮನೆಯಲ್ಲೇ ಇತ್ತು. ಅವತ್ತಿನಿಂದ ಬುದ್ಧ ಪೂರ್ಣಿಮೆಗೆ ನಮ್ಮಲ್ಲಿ ಅಕ್ಕಿ ಪಾಯಸ. ಮಗಳು ಈಗ ಅದನ್ನು ಸುಜಾತಾ ಪಾಯಸ ಅಂತಲೇ ಕರೆಯುತ್ತಾಳೆ.

ಹೋದ ಸಲ ಬೆಳಕು ಹರಿಯುವ ಮೊದಲೇ ನಾವು ಮೂವರೂ ಗವಿಮಠದ ಗುಡ್ಡ ಹತ್ತಿದೆವು. ಮೇ ತಿಂಗಳು, ಬಿಸಿಲೇರಿದರೆ ಬಂಡೆ ಮೇಲೆ ಕಾಲಿಡಲು ಆಗಲ್ಲ. ಅಲ್ಲಿ ಅಶೋಕನ ಶಾಸನ ಇದೆ. ಹತ್ತಿರದ ಇನ್ನೊಂದು ಗುಡ್ಡದಲ್ಲಿ, ಪಾಲ್ಕಿಗುಂಡಿನಲ್ಲಿ, ಮತ್ತೊಂದಿದೆ. ಈ ಕಡೆ ಮಸ್ಕಿ, ಆ ಕಡೆ ಸಿರುಗುಪ್ಪ ಸೀಮೆಯ ನಿಟ್ಟೂರು, ಉಡೇಗೋಳ. ನಮ್ಮ ಸುತ್ತಲಿನ ಗುಡ್ಡಗಳಲ್ಲೇ ಇಷ್ಟು. ಬುದ್ಧ ನಿಮಗೆ ಹೊರಗಿನವನು ಅಂತ ಯಾರಾದರೂ ಹೇಳಿದರೆ ನಾನು ಅವರನ್ನು ಈ ಗುಡ್ಡಕ್ಕೆ ಕರಕೊಂಡು ಬರುತ್ತೇನೆ. 2,200 ವರ್ಷಕ್ಕೂ ಹಿಂದಿನ ಬ್ರಾಹ್ಮಿ ಅಕ್ಷರ. ಸಣ್ಣವು, ಸವೆದಿವೆ. ಎಳೆಬಿಸಿಲು ಓರೆಯಾಗಿ ಬಿದ್ದಾಗ ಗೀರುಗಳು ಚೆನ್ನಾಗಿ ಕಾಣುತ್ತವೆ. ಮಗಳು ಬಗ್ಗಿ ಒಂದು ಅಕ್ಷರ ತೋರಿಸಿ, "ಇದು ಕೂಡಿಸೋ ಚಿಹ್ನೆ ಐತಲ್ಲ ಪಪ್ಪಾ" ಅಂದಳು. ಬ್ರಾಹ್ಮಿಯ 'ಕ' ಹಾಗೇ ಇರುತ್ತದೆ.

ನಮ್ಮ ಮನೆಯವರು ಕನ್ನಡ ಅನುವಾದ ಬರೆದುಕೊಂಡು ಬಂದಿದ್ದರು, ಓದಿದರು. ರಾಜ ಅಲ್ಲಿ ಹೇಳಿರುವ ಮಾತಿನ ತಿರುಳು ಹೀಗಿದೆ: ನಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಹೆಚ್ಚಾಯಿತು, ಆದರೆ ಮೊದಲು ಅಷ್ಟಾಗಿ ಶ್ರಮಪಡಲಿಲ್ಲ. ಸಂಘದ ಹತ್ತಿರ ಹೋಗಿ ಒಂದು ವರ್ಷದ ಮೇಲಾಯಿತು, ಈಗ ಚೆನ್ನಾಗಿ ಶ್ರಮಿಸುತ್ತಿದ್ದೇನೆ. ಮುಂದೆ ಇನ್ನೊಂದು ಮಾತಿದೆ. ಇದು ದೊಡ್ಡವರಿಗೆ ಮಾತ್ರ ಆಗುವ ಕೆಲಸ ಅಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಆಗುತ್ತದೆ ಅಂತ.

ನನಗೆ ಆ ಮೊದಲ ಮಾತು ಬಹಳ ಹಿಡಿಸಿತು. ಅಷ್ಟು ದೊಡ್ಡ ದೊರೆ, ನನ್ನ ನಂಬಿಕೆ ಒಂದೇ ದಿನಕ್ಕೆ ಗಟ್ಟಿಯಾಯಿತು ಅಂತ ಕಲ್ಲಿನಲ್ಲಿ ಕೊರೆಸಬಹುದಿತ್ತು. ಕೇಳುವವರು ಯಾರು? ಆದರೂ ನಿಧಾನ ಆಯಿತು ಅಂತಲೇ ಕೊರೆಸಿದ. ಬಾಬಾಸಾಹೇಬರು ಹಿಂದೂವಾಗಿ ಸಾಯುವುದಿಲ್ಲ ಅಂತ ಯೇವಲಾದಲ್ಲಿ ಹೇಳಿದ್ದು 1935ರಲ್ಲಿ. ದೀಕ್ಷೆ ತಗೊಂಡದ್ದು 21 ವರ್ಷದ ಮೇಲೆ. ಇಂಥವರೇ ಇಷ್ಟು ಸಮಯ ತಗೊಂಡಿದ್ದಾರೆ. ಆದರೆ ಮನೆಯಲ್ಲಿ ನಾವು ತಾಯಿಗೆ, ಮಕ್ಕಳಿಗೆ ಒಂದು ಹಬ್ಬದಷ್ಟು ಸಮಯವನ್ನೂ ಕೊಡುವುದಿಲ್ಲ. ಫೋಟೋ ತೆಗೆಸು, ಕುಂಕುಮ ಅಳಿಸು, ಇವತ್ತೇ, ಈಗಲೇ. ನಮ್ಮ ಕೆಲವು ಗೆಳೆಯರ ಮನೆಗಳಲ್ಲಿ ಹೀಗೆ ಮಾಡಲು ಹೋಗಿ ತಾಯಿ ಮಗ ಮಾತು ಬಿಟ್ಟಿದ್ದಾರೆ. ಅದನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಮನೆಗೆ ಬಂದು ವಂದನೆಗೆ ಅಣಿಯಾದೆವು. ಬಿಳಿ ಸೀರೆ ಉಟ್ಟುಕೊಂಡು ಹೊರಗೆ ಬಂದೆ. ಅವ್ವನ ಮುಖ ಬಾಡಿತು. "ಹಬ್ಬದ ದಿನ ಮುತ್ತೈದಿ ಬಿಳಿ ಸೀರಿ ಉಡ್ತಾರೇನಬೇ?" ಪ್ರತಿ ವರ್ಷ ಇದೇ ಮಾತು. ಗಂಡ ಸತ್ತ ಮೇಲೆ ಬಿಳಿ ಉಡುವ ಹೆಂಗಸರನ್ನು ನೋಡಿದವಳು ಅವಳು. ಅವಳ ಕಣ್ಣಿಗೆ ಅದು ಶಾಂತಿಯ ಬಣ್ಣ ಆಗೋದು ಹೇಗೆ? ಈ ಸಲ ಅಂಚಿಗೆ ಹಸಿರು ಇರುವ ಸೀರೆ ಆರಿಸಿದ್ದೆ. ಅಂಚು ತೋರಿಸಿದೆ. ಸ್ವಲ್ಪ ಸಮಾಧಾನ ಆಯಿತು.

ಮೇಣದ ಬತ್ತಿ ಹಚ್ಚಿ "ಬುದ್ಧಂ ಸರಣಂ ಗಚ್ಛಾಮಿ" ಹೇಳುವಾಗ ಅವ್ವ ಬಾಗಿಲ ಹತ್ತಿರ ಕೂತು ಮಲ್ಲಿಗೆ ಕಟ್ಟುತ್ತಿದ್ದಳು. ಒಂದು ಮೊಳ ನಮ್ಮ ಬುದ್ಧನಿಗೆ, ಉಳಿದದ್ದು ಹುಲಿಗಿಯ ಹುಲಿಗೆಮ್ಮ ದೇವಿಗೆ. ಬುದ್ಧ ಹುಟ್ಟಿದ್ದು, ಜ್ಞಾನ ಪಡೆದದ್ದು, ತೀರಿಕೊಂಡದ್ದು ಮೂರೂ ಇದೇ ಹುಣ್ಣಿಮೆಯಲ್ಲಿ ಅಂತ ಮಗಳು ವಿವರಿಸಿದಳು. "ಸತ್ತ ದಿನಾನೂ ಹಬ್ಬ ಮಾಡ್ತಾರೇನ?" ಅಂದಳು ಅವ್ವ. ಮಗಳು ನನ್ನ ಮುಖ ನೋಡಿದಳು. "ಹೆಂಗ ಬದುಕಿದಾ ಅಂತ ನೆನಸ್ತೀವಿ ಯವ್ವಾ" ಅಂದೆ. ಅವ್ವ ಪಾಯಸ ತಿಂದಳು. ಏಲಕ್ಕಿ ಕಡಿಮೆ ಆಯಿತು ಅಂದಳು.

ಹನ್ನೊಂದರ ಹೊತ್ತಿಗೆ ಅವಳನ್ನು ಕರಕೊಂಡು ಹುಲಿಗಿಗೆ ಹೊರಟೆ. ಮೊಣಕಾಲು ನೋವು, ಒಬ್ಬಳೇ ಹೋಗಲಾರಳು. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಣ್ಣಿಮೆ ದಿನ ಹುಲಿಗಿ ಬಸ್ಸಿನಲ್ಲಿ ಉಸಿರಾಡಲೂ ಜಾಗ ಇರಲ್ಲ. ಎಲ್ಲರ ಕೈಯಲ್ಲೂ ಆಧಾರ್ ಕಾರ್ಡು, ಬಗಲಲ್ಲಿ ಬುತ್ತಿ ಗಂಟು. ಅವ್ವನ ಪಡ್ಡಲಗಿ, ದೇವಿಯ ಹೆಸರಿನ ಬುಟ್ಟಿ, ನನ್ನ ತೊಡೆ ಮೇಲೆ ಇತ್ತು. ಹೋಳಿಗೆ, ಕಡಬು, ಅನ್ನ, ಬದನೆಕಾಯಿ ಪಲ್ಯ.

ಗುಡಿಯ ಸಾಲಿನಲ್ಲಿ ನಾನು ಅವಳ ರಟ್ಟೆ ಹಿಡಿದು ನಿಂತಿದ್ದೆ. ಸುತ್ತಲೂ "ಉಧೋ ಉಧೋ" ಕೂಗು. ಅವ್ವ ಕೈ ಮುಗಿದಳು, ನಾನು ಮುಗಿಯಲಿಲ್ಲ. ಅವಳು ಒತ್ತಾಯ ಮಾಡಲಿಲ್ಲ.

ಹೊರಗೆ ಬಂದು ಪಡ್ಡಲಗಿ ತುಂಬುವ ಹೊತ್ತು. ದೇವಿಗೆ ಬಿಟ್ಟ ಹೆಂಗಸರು, ಜೋಗಮ್ಮಗಳು, ಸಾಲಾಗಿ ಕೂತಿದ್ದರು. ಬಗ್ಗಲು ಆಗದೆ ಅವ್ವ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟಳು. ಒಬ್ಬೊಬ್ಬರ ಪಡ್ಡಲಗಿಗೂ ಹೋಳಿಗೆ ಹಾಕುತ್ತಾ ಬಂದೆ. ಕೊನೆಯಲ್ಲಿ ಕೂತಿದ್ದ ಮುದುಕಿಯ ಕೊರಳಲ್ಲಿ ದೊಡ್ಡವ್ವನ ಕೊರಳಲ್ಲಿದ್ದಂಥದೇ ಮಣಿಸರ. ದಾರ ಬೆವರಿಗೆ ಕಪ್ಪಾಗಿತ್ತು. ಹೋಳಿಗೆ ಇಸಕೊಂಡು, ಹೆಬ್ಬೆರಳಿನಿಂದ ನನ್ನ ಹಣೆಗೆ ಭಂಡಾರ ಹಚ್ಚಿ, "ಚಲೋ ಇರವಾ" ಅಂದಳು. ನಾನು ಹಿಂದೆ ಸರಿಯಲಿಲ್ಲ. ಆ ಕೈ ಯಾರದು ಅಂತ ನನಗೆ ಗೊತ್ತಿತ್ತು.

ಇದು ಪ್ರತಿಜ್ಞೆ ಮುರಿದಂತೆ ಅಂತ ನಮ್ಮವರೇ ಒಬ್ಬರು ಆಮೇಲೆ ಹೇಳಿದರು. ನಾನು ಒಪ್ಪುವುದಿಲ್ಲ. ದೇವಿಯನ್ನು ಪೂಜಿಸಲು ನಾನು ಹೋಗಿರಲಿಲ್ಲ, ಪೂಜಿಸಲೂ ಇಲ್ಲ. ಅದೇ 22ರಲ್ಲಿ ಎಲ್ಲ ಜೀವಿಗಳ ಮೇಲೆ ದಯೆ ಇರುತ್ತದೆ ಅಂತಲೂ ನಾವು ಹೇಳಿದ್ದೇವೆ. ಆ ಮುದುಕಿಯ ಕೈ ತಳ್ಳಿ ನಾನು ಕಾಪಾಡಿಕೊಳ್ಳಬೇಕಾದ ಧರ್ಮ ಯಾವುದೂ ಇಲ್ಲ. ಮುತ್ತು ಕಟ್ಟುವ ಪದ್ಧತಿಯ ಮೇಲಿನ ನನ್ನ ಸಿಟ್ಟು ಎಳ್ಳಷ್ಟೂ ಕಡಿಮೆ ಆಗಿಲ್ಲ. ಆ ಸಿಟ್ಟನ್ನು ಮುತ್ತು ಕಟ್ಟಿಸಿಕೊಂಡವಳ ಮೇಲೆ ತೋರಿಸಬಾರದು, ಅಷ್ಟೇ.

ಆಮೇಲೆ ತುಂಗಭದ್ರೆಯ ದಂಡೆಯಲ್ಲಿ ನೆರಳು ನೋಡಿ ಕೂತೆವು. ಬುತ್ತಿ ಬಿಚ್ಚುವಾಗ ಅವ್ವ ಬಹಳ ದಿನದಿಂದ ಇಟ್ಟುಕೊಂಡಿದ್ದ ಮಾತು ತೆಗೆದಳು. "ಮಾನವಮಿ ಅಮಾಸಿಗೆ ನಿಮ್ಮಪ್ಪಗ ಎಡಿ ಇಡೂದು. ನನ್ನ ಹಿಂದ ಯಾರು ಇಡಬೇಕ?"

ಎಡಿ ಅಂದರೆ ತೀರಿಕೊಂಡವರ ಹೆಸರಿನಲ್ಲಿ ಇಡುವ ಊಟ. ದೀಕ್ಷೆಯ ದಿನ ಶ್ರಾದ್ಧದ ಪ್ರತಿಜ್ಞೆ ಹೇಳುವಾಗಲೇ ಈ ಪ್ರಶ್ನೆ ಬರುತ್ತದೆ ಅಂತ ನನಗೆ ಗೊತ್ತಿತ್ತು. ನಾನು ಒಬ್ಬಳೇ ಮಗಳು. "ನೀ ಇರೂತನಕ ನೀ ಇಡು ಯವ್ವಾ. ಅಡಿಗಿ ನಾ ಮಾಡ್ತೀನಿ. ಕೈ ಮುಗಿಯೂದು ಮಾತ್ರ ಆಗಂಗಿಲ್ಲ. ನಿನ್ನ ಹಿಂದ ಎಡಿ ಇಡಂಗಿಲ್ಲ, ಸುಳ್ಳು ಹೇಳೂದಿಲ್ಲ ನಿನಗ" ಅಂದೆ. ಅವಳು ರೊಟ್ಟಿ ಮುರಿಯುತ್ತಾ ಬಹಳ ಹೊತ್ತು ಮಾತಾಡಲಿಲ್ಲ. ಸಿಟ್ಟಾದಳು ಅಂದುಕೊಂಡೆ. "ಮತ್ತ ನಿಮ್ಮಪ್ಪನ್ನ ಮರತ ಬಿಡ್ತೀರೇನ?" ಅಂದಳು ಕೊನೆಗೆ. ಅವಳ ಅಂಜಿಕೆ ಇದ್ದದ್ದು ಇಲ್ಲಿ. ದೇವರ ಸಿಟ್ಟಿಗೂ ಅದಕ್ಕೂ ಸಂಬಂಧ ಇರಲಿಲ್ಲ.

ಮರೆಯೋದಿಲ್ಲ ಅಂತ ಬಾಯಿಮಾತಿಗೆ ಹೇಳಿದರೆ ಸಾಲದು. ಅಪ್ಪ ಹಮಾಲಿ ಮಾಡುತ್ತಿದ್ದವನು, ಶಾಲೆ ಕಂಡವನಲ್ಲ. ನಾನು ಓದಿದ್ದು ಹಾಸ್ಟೆಲಿನಲ್ಲಿ. ಪ್ರತಿ ಸಂತೆಗೆ ಅಪ್ಪ ಶೇಂಗಾ, ಬೆಲ್ಲ ಕಟ್ಟಿಕೊಂಡು ಬಂದು ನನಗೂ ನನ್ನ ಗೆಳತಿಯರಿಗೂ ಹಂಚಿ ಹೋಗುತ್ತಿದ್ದ. ಈ ವರ್ಷ ಆ ಅಮಾವಾಸ್ಯೆ ದಿನ ಹಾಸ್ಟೆಲಿನ ಹುಡುಗಿಯರಿಗೆ ಶೇಂಗಾ ಹೋಳಿಗೆ ಊಟ ಹಾಕೋಣ ಅಂತ ನಾನೂ ನಮ್ಮ ಮನೆಯವರೂ ಮಾತಾಡಿಕೊಂಡಿದ್ದೇವೆ. ವಾರ್ಡನ್ ಒಪ್ಪಿದ್ದಾರೆ. ಅವ್ವನಿಗೆ ಇನ್ನೂ ಹೇಳಿಲ್ಲ. ಆಷಾಢದ ಕಡ್ಲಿಗಡಬಿನ ಹುಣ್ಣಿಮೆಗೆ ಹೇಳಬೇಕು. ಬುದ್ಧ ಸಾರನಾಥದಲ್ಲಿ ಮೊದಲ ಉಪದೇಶ ಮಾಡಿದ ದಿನ ಅದು, ನಾನು ರಜೆ ಕೇಳಿದ್ದೇನೆ. ಅವ್ವನಿಗೆ ಅವತ್ತೂ ಹುಲಿಗಿ ಬಸ್ಸು ಹಿಡಿಯೋದಿದೆ. ಹೂರಣ ಅರೆಯುವಾಗ ಮಾತು ತೆಗೆದರೆ ಅವಳು ಸುಮ್ನೆ ಕೂರುವವಳಲ್ಲ. ಎಷ್ಟು ಸೇರು ಶೇಂಗಾ ಬೇಕು ಅಂತ ಅವಳೇ ಲೆಕ್ಕ ಹಾಕುತ್ತಾಳೆ.