ತಪ್ಪು ವಿಳಾಸ ತಾನು ತಪ್ಪೆಂದು ಹೇಳುವುದಿಲ್ಲ

ವಸಂತನರಸಾಪುರ ಇರುವುದು ತುಮಕೂರಿನಿಂದ ಶಿರಾ ಕಡೆಗೆ, ರಾಷ್ಟ್ರೀಯ ಹೆದ್ದಾರಿ 48ರ ಮಗ್ಗುಲಲ್ಲಿ. ನರಸಾಪುರ ಇರುವುದು ಹೊಸಕೋಟೆ ಮತ್ತು ಕೋಲಾರದ ನಡುವೆ, ಹೆದ್ದಾರಿ 75ರಲ್ಲಿ. ಎರಡು ಕಡೆಯೂ ಕೈಗಾರಿಕಾ ಪ್ರದೇಶವಿದೆ, ಎರಡರ ನಡುವೆ ಇಡೀ ಬೆಂಗಳೂರಿದೆ. ಸಂದರ್ಶನಕ್ಕೆ ಕರೆಯುವ ಇಮೇಲಿನಲ್ಲಿ ‘ನರಸಾಪುರ ಇಂಡಸ್ಟ್ರಿಯಲ್ ಏರಿಯಾ’ ಎಂದಷ್ಟೇ ಬರೆದರೆ, ತುಮಕೂರಿಗೆ ಬರಬೇಕಾದ ಹುಡುಗ ಬೆಳಗ್ಗೆ ಒಂಬತ್ತಕ್ಕೆ ನೂರು ಕಿಲೋಮೀಟರಿಗೂ ಆಚೆ ಇನ್ನೊಂದು ಗೇಟಿನ ಮುಂದೆ ನಿಂತಿರುತ್ತಾನೆ. ಮ್ಯಾಪ್ ಎಲ್ಲಿಯೂ ತಪ್ಪಾಗಿದೆ ಎನ್ನಲಿಲ್ಲ. ಕೇಳಿದ ಹೆಸರಿನ ಜಾಗವನ್ನೇ ತೋರಿಸಿತು.

ಇಮೇಲ್ ವಿಳಾಸದ ಕಥೆಯೂ ಇದೇ. ಒಂದು ಅಕ್ಷರ ತಪ್ಪಿ, ಆ ವಿಳಾಸ ಜಗತ್ತಿನಲ್ಲೇ ಇಲ್ಲದಿದ್ದರೆ ಮೇಲ್ ವಾಪಸ್ ಬರುತ್ತದೆ, ನಮಗೂ ಗೊತ್ತಾಗುತ್ತದೆ. ಆದರೆ ಆ ತಪ್ಪು ವಿಳಾಸ ಬೇರೆ ಯಾರದೋ ಆಗಿದ್ದರೆ ಮೇಲ್ ಸದ್ದಿಲ್ಲದೆ ಅವರಿಗೆ ತಲುಪುತ್ತದೆ. ಕಳಿಸಿದವರು ಉತ್ತರಕ್ಕೆ ಕಾಯುತ್ತಾರೆ, ಬರಬೇಕಾದವರು ಮೇಲಿಗೆ ಕಾಯುತ್ತಾರೆ. ಮೇಲ್ ಬಳಸುವಾಗಲೂ ದಾರಿ ಹುಡುಕುವಾಗಲೂ ನಾವು ಹೆಚ್ಚು ಭಯಪಡಬೇಕಾದ್ದು ಇಂಥ ಸದ್ದಿಲ್ಲದ ತಪ್ಪಿಗೆ.

ನಮ್ಮ ಹೆಸರುಗಳನ್ನು ಇಂಗ್ಲಿಷ್ ಅಕ್ಷರಕ್ಕೆ ಇಳಿಸುವಾಗ ತೊಂದರೆ ಶುರುವಾಗುತ್ತದೆ. ಶ್ರೀನಿವಾಸ ಎಂಬ ಒಂದೇ ಹೆಸರನ್ನು ಒಬ್ಬರು ‘ಎಸ್ ಆರ್ ಐ’ ಎಂದು ಶುರು ಮಾಡಿದರೆ, ಇನ್ನೊಬ್ಬರು ‘ಎಸ್ ಎಚ್ ಆರ್ ಐ’, ಮತ್ತೊಬ್ಬರು ‘ಎಸ್ ಆರ್ ಡಬಲ್ ಇ’. ಲಕ್ಷ್ಮಿಗೆ ಕೆಲವರು ‘ಎಕ್ಸ್’ ಹಾಕುತ್ತಾರೆ, ಕೆಲವರು ‘ಕೆ ಎಸ್ ಎಚ್’. ಫೋನಿನಲ್ಲಿ ಕೇಳಿ ಬರೆದುಕೊಂಡ ವಿಳಾಸವನ್ನು ನಂಬಬೇಡಿ. ಇದಕ್ಕೆ ಸುಲಭದ ಉಪಾಯವಿದೆ: ನೀವು ಅವರ ವಿಳಾಸ ಬರೆದುಕೊಳ್ಳುವ ಬದಲು, ಅವರಿಂದಲೇ ನಿಮಗೊಂದು ಖಾಲಿ ಮೇಲ್ ಹಾಕಿಸಿಕೊಳ್ಳಿ. ಅದಕ್ಕೆ ರಿಪ್ಲೈ ಮಾಡಿದರೆ ವಿಳಾಸ ತಪ್ಪುವ ಪ್ರಶ್ನೆಯೇ ಬರುವುದಿಲ್ಲ. ಹೆಸರಿನ ನಡುವಿನ ಚುಕ್ಕಿಯ ಬಗ್ಗೆ ಹಲವರಿಗೆ ಗೊಂದಲವಿದೆ. ಸಾಮಾನ್ಯ ಜಿಮೇಲ್ ವಿಳಾಸದಲ್ಲಿ ಚುಕ್ಕಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಕಂಪನಿ ಅಥವಾ ಕಾಲೇಜಿನ ಹೆಸರಿನಿಂದ ಕೊನೆಯಾಗುವ ವಿಳಾಸದಲ್ಲಾದರೆ ಚುಕ್ಕಿಗೆ ಬೆಲೆಯಿದೆ, ಬಿಟ್ಟರೆ ಮೇಲ್ ತಲುಪುವುದಿಲ್ಲ.

ಇನ್ನೊಂದು ಅಪಾಯ ತಾನೇ ತುಂಬಿಕೊಳ್ಳುವ ಹೆಸರಿನದು. ‘ಮಂಜು’ ಎಂದು ಟೈಪ್ ಮಾಡುವಷ್ಟರಲ್ಲಿ ಜಿಮೇಲ್ ನಾಲ್ಕು ಮಂಜುನಾಥರನ್ನು ಮುಂದಿಡುತ್ತದೆ, ಅವಸರದಲ್ಲಿ ಬೆರಳು ಮೊದಲಿನವರ ಮೇಲೆ ಬೀಳುತ್ತದೆ. ಕಾಂಟ್ಯಾಕ್ಟಿನಲ್ಲಿ ಹೆಸರಿನ ಜೊತೆ ಊರು, ಕೆಲಸ ಎರಡನ್ನೂ ಸೇರಿಸಿ: ‘ಮಂಜುನಾಥ್ ತಿಪಟೂರು ಕೊಬ್ಬರಿ’, ‘ಮಂಜುನಾಥ್ ಮಾಲೂರು ಸಾಗಾಣಿಕೆ’. ಮೇಲ್ ಬರೆಯುವ ಕ್ರಮವನ್ನೂ ತಲೆಕೆಳಗು ಮಾಡಿ. ಮೊದಲು ಫೈಲ್ ಲಗತ್ತಿಸಿ, ಆಮೇಲೆ ವಿಷಯ ಬರೆಯಿರಿ, ಯಾರಿಗೆ ಎಂಬ ಜಾಗವನ್ನು ಕೊನೆಗೆ ತುಂಬಿ. ವಿಳಾಸ ಇಲ್ಲದ ಮೇಲ್ ಕೈತಪ್ಪಿಯೂ ಹೋಗಲಾರದು. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು ಸೆಟ್ಟಿಂಗ್ಸ್, ಸೀ ಆಲ್ ಸೆಟ್ಟಿಂಗ್ಸ್, ಜನರಲ್ ಎಂದು ಹೋದರೆ ‘ಅನ್‌ಡೂ ಸೆಂಡ್’, ಅಂದರೆ ಕಳಿಸಿದ ಮೇಲನ್ನು ತಡೆದು ಹಿಂದಕ್ಕೆ ಪಡೆಯುವ ಸೌಲಭ್ಯ, ಸಿಗುತ್ತದೆ. ಅದು 5 ಸೆಕೆಂಡಿಗೆ ನಿಂತಿರುತ್ತದೆ, 30ಕ್ಕೆ ಏರಿಸಿ, ಪುಟದ ತಳದಲ್ಲಿ ಸೇವ್ ಒತ್ತುವುದನ್ನು ಮರೆಯಬೇಡಿ. ತಪ್ಪು ಕಣ್ಣಿಗೆ ಬೀಳುವುದು ಸಾಮಾನ್ಯವಾಗಿ ಕಳಿಸಿದ ಹತ್ತನೇ ಸೆಕೆಂಡಿನಲ್ಲಿ.

ವಿಷಯದ ಸಾಲಿನಲ್ಲಿ ‘ಅರ್ಜಿ’ ಅಥವಾ ‘ದಾಖಲೆಗಳು’ ಎಂದಷ್ಟೇ ಬರೆಯುವುದು ಓದುವವರಿಗೆ ಮಾಡುವ ಅನ್ಯಾಯ. ಕಚೇರಿಯವರ ಮುಂದೆ ಅಂಥ ಹತ್ತಾರು ಮೇಲ್ ಇರುತ್ತವೆ. ‘ಖಾತೆ ಬದಲಾವಣೆ, ಸರ್ವೆ ನಂ. ಇಷ್ಟು, ಇಂಥ ಗ್ರಾಮ, ಗುಬ್ಬಿ ತಾಲ್ಲೂಕು’ ಎಂದರೆ ಆರು ತಿಂಗಳ ನಂತರವೂ ಹುಡುಕಿದ ಕೂಡಲೇ ಸಿಗುತ್ತದೆ. ಮೊಬೈಲಿನಲ್ಲಿ ಆ ಸಾಲಿನ ಮೊದಲ ಕೆಲವು ಪದಗಳಷ್ಟೇ ಕಾಣುವುದರಿಂದ ‘ಮಾನ್ಯರೇ’, ‘ಈ ಮೂಲಕ’ ಎಂಬುದೆಲ್ಲ ಒಳಗಿರಲಿ, ಸಂಖ್ಯೆ ಮತ್ತು ಊರು ಮುಂದೆ ಬರಲಿ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಮಾತು. ಕನ್ನಡ ಟೈಪಿಂಗಿನ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಾದ ಪತ್ರವನ್ನು ಹಾಗೆಯೇ ಮೇಲಿಗೆ ಅಂಟಿಸಿದರೆ ಆಚೆ ಕಡೆ ಕಾಣುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಆ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸುತ್ತವೆ. ಫಾಂಟ್ ಇಲ್ಲದ ಯಂತ್ರದಲ್ಲಿ ಚಿತ್ರ ಕಳಚಿ ಕೆಳಗಿನ ಅಕ್ಷರ ಬಯಲಾಗುತ್ತದೆ. ನುಡಿ ತಂತ್ರಾಂಶದ ಪರಿವರ್ತಕದಲ್ಲಿ, ಎಲ್ಲ ಯಂತ್ರಗಳೂ ಓದಬಲ್ಲ ಯೂನಿಕೋಡಿಗೆ ಬದಲಿಸಿ ಅಂಟಿಸಿ, ಇಲ್ಲವೇ ಪಿಡಿಎಫ್ ಮಾಡಿ ಲಗತ್ತಿಸಿ. ಪಿಡಿಎಫ್ ಒಳಗೆ ಫಾಂಟ್ ಅಡಕವಾಗಿರುವುದರಿಂದ ಎಲ್ಲಿ ತೆರೆದರೂ ಕನ್ನಡ ಕನ್ನಡವಾಗಿಯೇ ಕಾಣುತ್ತದೆ.

ಪಹಣಿ, ಅಂಕಪಟ್ಟಿಗಳನ್ನು ಹತ್ತು ಬಿಡಿ ಫೋಟೋಗಳಾಗಿ ಕಳಿಸಬೇಡಿ. ಗೂಗಲ್ ಡ್ರೈವ್ ಆ್ಯಪಿನ ಸ್ಕ್ಯಾನ್ ಸೌಲಭ್ಯದಲ್ಲಿ ಎಲ್ಲ ಪುಟಗಳನ್ನೂ ಒಂದೇ ಪಿಡಿಎಫ್ ಮಾಡಬಹುದು. ಜಿಮೇಲಿನ ಮಿತಿ 25 ಎಂಬಿ ಎಂದಿದ್ದರೂ, ಲಗತ್ತಿಸಿದ ಫೈಲ್ ಸಾಗುವಾಗ ಸುಮಾರು ಮೂರನೇ ಒಂದು ಭಾಗ ಊದಿಕೊಳ್ಳುತ್ತದೆ. ಎಲ್ಲ ಸೇರಿ 18 ಎಂಬಿಯೊಳಗೆ ಇಟ್ಟುಕೊಳ್ಳುವುದು ಒಳ್ಳೆಯದು, ಸ್ವೀಕರಿಸುವ ಕಚೇರಿಯ ಮಿತಿ ಇನ್ನೂ ಚಿಕ್ಕದಿರಲೂಬಹುದು. ಮಿತಿ ಮೀರಿದರೆ ಡ್ರೈವ್ ಲಿಂಕ್ ಆಗುತ್ತದೆ. ಆಗ ಅನುಮತಿಯಲ್ಲಿ ಅವರ ಇಮೇಲ್ ವಿಳಾಸ ಸೇರಿಸಿದ್ದೀರಾ ನೋಡಿ, ಇಲ್ಲದಿದ್ದರೆ ಅವರಿಗೆ ಬಾಗಿಲಷ್ಟೇ ಕಾಣುತ್ತದೆ. ಆಧಾರ್ ಪ್ರತಿ ಇರುವ ಫೈಲನ್ನು ‘ಲಿಂಕ್ ಇದ್ದವರೆಲ್ಲ ನೋಡಬಹುದು’ ಎಂದು ಬಿಡುವುದು ಬೇಡವೇ ಬೇಡ.

ಮೇಲ್ ಬರದೇ ಇರುವುದಕ್ಕೂ ಸದ್ದಿಲ್ಲ. ಗೂಗಲ್ ಉಚಿತವಾಗಿ ಕೊಡುವ 15 ಜಿಬಿ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ. 2021ರ ಜೂನ್ ನಂತರ ಏರಿಸಿದ ಫೋಟೋಗಳೂ ಆ ಲೆಕ್ಕಕ್ಕೆ ಬಂದವು, ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಕೂಡ 2024ರಲ್ಲಿ ಸೇರಿಕೊಂಡಿತು. ಜಾಗ ತುಂಬಿದ ಮೇಲೆ ನಿಮಗೆ ಬರಬೇಕಾದ ಮೇಲ್ ಕಳಿಸಿದವರಿಗೇ ತಿರುಗಿ ಹೋಗುತ್ತದೆ. ನೇಮಕಾತಿ ಪತ್ರಕ್ಕೆ ಕಾಯುತ್ತಿರುವ ಮಕ್ಕಳು ಇದನ್ನು ಮೊದಲು ನೋಡಬೇಕು. ವಾಟ್ಸಾಪ್ ಬ್ಯಾಕಪ್‌ನಿಂದ ವಿಡಿಯೋ ತೆಗೆದರೆ ಸಾಮಾನ್ಯವಾಗಿ ಸಾಕಷ್ಟು ಜಾಗ ಬಿಡುವಾಗುತ್ತದೆ. ವಾರಕ್ಕೊಮ್ಮೆ ಸ್ಪ್ಯಾಮ್ ಪೆಟ್ಟಿಗೆಯನ್ನೂ ಇಣುಕಿ ನೋಡಿ, 30 ದಿನಕ್ಕೆ ಅದು ತಾನೇ ಅಳಿಸಿಹೋಗುತ್ತದೆ.

ಇನ್ನು ನೆಲದ ಮೇಲಿನ ವಿಳಾಸ. ಹೊಸಹಳ್ಳಿ, ಗೊಲ್ಲಹಳ್ಳಿ, ಗೊಲ್ಲರಹಟ್ಟಿ ಇಲ್ಲದ ತಾಲ್ಲೂಕು ನಮ್ಮ ಕಡೆ ಅಪರೂಪ. ಕೋಲಾರವೆಂದು ಇಂಗ್ಲಿಷಿನಲ್ಲಿ ಹುಡುಕಿದರೆ ಭೋಪಾಲದ ಕೋಲಾರ್ ರಸ್ತೆಯೂ ಪಟ್ಟಿಯಲ್ಲಿ ಬರಬಹುದು. ಚಿಕ್ಕಬಳ್ಳಾಪುರ 2007ರಲ್ಲಿ ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾಯಿತಾದರೂ ಹಳೆಯ ದಾಖಲೆಗಳಲ್ಲಿ ಚಿಂತಾಮಣಿ ‘ಕೋಲಾರ ಜಿಲ್ಲೆ’ಯಲ್ಲೇ ಇದೆ. ಇಂದಿಗೂ ಅದರ ಪಿನ್‌ಕೋಡ್ 563125, ಕೋಲಾರದ 563101ರ ಸಾಲಿನದು. ಆದ್ದರಿಂದ ಊರು, ಹೋಬಳಿ, ತಾಲ್ಲೂಕು, ಪಿನ್‌ಕೋಡ್ ನಾಲ್ಕನ್ನೂ ಬರೆಯಿರಿ. ಹೋಬಳಿ ಬಿಡುವವರೇ ಹೆಚ್ಚು. ಒಂದೇ ತಾಲ್ಲೂಕಿನಲ್ಲಿ ಎರಡು ಹೊಸಹಳ್ಳಿ ಇದ್ದಾಗ ಬೇರ್ಪಡಿಸುವುದು ಅದೊಂದೇ. ಇಂಗ್ಲಿಷಿನಲ್ಲಿ ಬರೆದಾಗ ಲ ಮತ್ತು ಳ ಒಂದೇ ಆಗುತ್ತವೆ. ಕನ್ನಡದಲ್ಲಿ ಹುಡುಕಿ ಸಿಗದಿದ್ದರೆ ಇಂಗ್ಲಿಷಿನಲ್ಲೂ ಒಮ್ಮೆ ನೋಡಿ.

ತೋಟದ ಮನೆಗೆ, ಹೊಸ ಬಡಾವಣೆಯ ಸೈಟಿಗೆ ಹೆಸರಿನ ವಿಳಾಸ ಸಾಲದು, ಮ್ಯಾಪಿನಲ್ಲಿ ಜಾಗ ಗುರುತಿಸುವ ಪಿನ್ ಬೇಕು. ಅದನ್ನು ಮನೆಯೊಳಗೆ ಕೂತು ಕಳಿಸಬೇಡಿ. ಆರ್‌ಸಿಸಿ ತಾರಸಿಯ ಕೆಳಗೆ ಉಪಗ್ರಹದ ಸಂಕೇತ ಸರಿಯಾಗಿ ಸಿಗದೆ ನೀಲಿ ಚುಕ್ಕಿ ಪಕ್ಕದ ಬೀದಿಗೆ ಜಾರುತ್ತದೆ. ಗೇಟಿನ ಹೊರಗೆ, ಬಯಲಿನಲ್ಲಿ ನಿಂತು ಗೂಗಲ್ ಮ್ಯಾಪ್ಸ್ ತೆರೆಯಿರಿ. ಚುಕ್ಕಿಯ ಸುತ್ತ ತೆಳು ನೀಲಿ ವೃತ್ತವಿದ್ದರೆ ‘ಇದರೊಳಗೆ ಎಲ್ಲೋ ಇದ್ದೀರಿ’ ಎಂದರ್ಥ, ಅದು ಕುಗ್ಗುವವರೆಗೆ ಕಾಯಿರಿ. ಆಮೇಲೆ ಗೇಟಿನ ಜಾಗವನ್ನು ಒತ್ತಿ ಹಿಡಿದರೆ ಕೆಂಪು ಪಿನ್ ಬೀಳುತ್ತದೆ, ಕೆಳಗಿನ ಪಟ್ಟಿಯನ್ನು ಮೇಲಕ್ಕೆಳೆದರೆ ಪ್ಲಸ್ ಕೋಡ್, ಅಂದರೆ ಆ ಜಾಗದ ಚಿಕ್ಕ ಸಂಕೇತ, ಸಿಗುತ್ತದೆ. ಕೂಡಿಸುವ ಚಿಹ್ನೆಯ ಹಿಂದೆ ನಾಲ್ಕು, ಮುಂದೆ ಎರಡು ಅಥವಾ ಮೂರು ಅಕ್ಷರ, ಪಕ್ಕದಲ್ಲಿ ಊರಿನ ಹೆಸರು. ಮುಂದೆ ಎರಡೇ ಇದ್ದರೆ ಸುಮಾರು 14 ಮೀಟರ್ ಚೌಕದ ಜಾಗ, ಮೂರಿದ್ದರೆ ಸುಮಾರು ಮೂರು ಮೀಟರ್. ಫೋನಿನಲ್ಲಿ ಹೇಳಲೂ ಇದು ಒಳ್ಳೆಯದು: ಸೊನ್ನೆ, ಒಂದು ಹಾಗೂ ಇಂಗ್ಲಿಷಿನ ಸ್ವರಾಕ್ಷರಗಳು ಇದರಲ್ಲಿ ಇರುವುದೇ ಇಲ್ಲ. ‘ಓ’ ಎಂದು ಕೇಳಿಸಿತೆಂದರೆ ಕೇಳಿಸಿಕೊಂಡದ್ದೇ ತಪ್ಪು.

ಅಕ್ಷಾಂಶ ರೇಖಾಂಶ ಕಳಿಸುವುದಾದರೆ ದಶಾಂಶದ ನಂತರ ಐದು ಅಂಕಿ ಸಾಕು, ಅದು ಒಂದು ಮೀಟರಿನಷ್ಟು ನಿಖರ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಈ ನಮ್ಮ ಮೂರೂ ಜಿಲ್ಲೆಗಳಲ್ಲಿ ಮೊದಲ ಸಂಖ್ಯೆ 13ರ ಆಸುಪಾಸು, ಎರಡನೆಯದು 76, 77 ಅಥವಾ 78ರಿಂದ ಶುರು. ಅದಲುಬದಲಾಗಿ ಬರೆದರೆ ತುಮಕೂರಿನ ಸೈಟು ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ಪಕ್ಕದ ಹಿಮಸಮುದ್ರಕ್ಕೆ ಬೀಳುತ್ತದೆ. ಅಂಚೆ ಇಲಾಖೆ 2025ರಲ್ಲಿ ತಂದ ಹತ್ತಕ್ಷರದ ಡಿಜಿಪಿನ್ ಕೂಡ ಇದೇ ಅಕ್ಷಾಂಶ ರೇಖಾಂಶದಿಂದಲೇ ಹುಟ್ಟುವುದು, ಸುಮಾರು ನಾಲ್ಕು ಮೀಟರ್ ಚೌಕಕ್ಕೆ ಒಂದು.

ಪಿನ್ ಎಲ್ಲಿಡಬೇಕೆಂಬುದು ಬಹಳ ಮುಖ್ಯ. ಮ್ಯಾಪ್ ದಾರಿ ಹಾಕುವುದು ಪಿನ್ನಿಗೆ ಅತಿ ಹತ್ತಿರದ ರಸ್ತೆಯವರೆಗೆ. ಕಲ್ಯಾಣ ಮಂಟಪದ ಚಾವಣಿಯ ನಡುವೆ ಪಿನ್ ಇಟ್ಟು, ಹಿಂಗೋಡೆಯ ಪಕ್ಕ ಓಣಿಯೊಂದಿದ್ದರೆ ನೆಂಟರೆಲ್ಲ ಆ ಓಣಿಗೇ ಬರುತ್ತಾರೆ. ಹೆದ್ದಾರಿ ಬದಿಯಲ್ಲಿ ಇನ್ನೂ ಕಷ್ಟ. ಕೆಲವು ಮೀಟರ್ ಅಂತರದ ಮುಖ್ಯ ರಸ್ತೆ, ಸರ್ವಿಸ್ ರಸ್ತೆಗಳನ್ನು ಫೋನಿನ ಜಿಪಿಎಸ್ ಸರಿಯಾಗಿ ಬೇರ್ಪಡಿಸಲಾರದು, ಮೇಲ್ಸೇತುವೆ ಹತ್ತಿದವರು ಮುಂದಿನ ಅಂಡರ್‌ಪಾಸಿನವರೆಗೆ ಹೋಗಿ ತಿರುಗಿ ಬರಬೇಕು. ಆದ್ದರಿಂದ ಪಿನ್ ಗೇಟಿನ ಮುಂದಿನ ರಸ್ತೆಯ ಮೇಲೇ ಇರಲಿ, ಜೊತೆಗೆ ಒಂದು ಸಾಲು: ‘ಬೆಂಗಳೂರಿನಿಂದ ಬರುವವರು ಮೇಲ್ಸೇತುವೆ ಹತ್ತದೆ ಎಡಕ್ಕೆ ಸರ್ವಿಸ್ ರಸ್ತೆಗೆ ಇಳಿಯಿರಿ, ಪೆಟ್ರೋಲ್ ಬಂಕ್ ಆದ ಮೇಲೆ ಅಶ್ವತ್ಥಕಟ್ಟೆ, ಅಲ್ಲಿ ಎಡಕ್ಕೆ.’ ಈ ಸಾಲನ್ನು ಮ್ಯಾಪ್ ಬರೆದುಕೊಡುವುದಿಲ್ಲ, ಊರಿನವರೇ ಬರೆಯಬೇಕು.

ಹೊರಡುವವರು ಮೊದಲು ನೋಡಬೇಕಾದ್ದು ಗೂಗಲ್ ಮ್ಯಾಪ್ಸ್ ದಾರಿ ತೋರಿಸುವಾಗ ಕಾಣುವ ವಾಹನದ ಚಿತ್ರ. 2017ರಿಂದ ಭಾರತದಲ್ಲಿ ದ್ವಿಚಕ್ರ ವಾಹನಕ್ಕೆ ಬೇರೆ ಆಯ್ಕೆ ಇದೆ, ಅದು ಕಾರು ಹೋಗದ ಸಂದಿಗಳಲ್ಲೂ ದಾರಿ ತೋರಿಸುತ್ತದೆ. ನಿನ್ನೆ ಬೈಕಿಗೆ ಇಟ್ಟದ್ದನ್ನು ಬದಲಿಸದೆ ಇವತ್ತು ಕಾರು ಹತ್ತಿದರೆ ಹಳ್ಳಿಯ ಓಣಿಯಲ್ಲಿ ರಿವರ್ಸ್ ಹೊಡೆಯುವ ಕೆಲಸ ಖಾತ್ರಿ. ‘ಅವಾಯ್ಡ್ ಟೋಲ್ಸ್’ ಎಂದೋ ಒತ್ತಿದ್ದು ಹಾಗೇ ಉಳಿದಿದ್ದರೂ ಹೆದ್ದಾರಿ ಬಿಟ್ಟು ಊರೂರು ಸುತ್ತಿಸುತ್ತದೆ. ಲಾರಿಯವರಿಗಂತೂ ಗೂಗಲ್ ಮ್ಯಾಪ್ಸಿನಲ್ಲಿ ಆಯ್ಕೆಯೇ ಇಲ್ಲ, ರೈಲ್ವೆ ಅಂಡರ್‌ಪಾಸಿನ ಎತ್ತರವನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಲೋಡ್ ತರಿಸುವವರು ಎತ್ತರದ ಮಾತನ್ನು ಇಮೇಲಿನಲ್ಲೇ ಬರೆಯಬೇಕು.

ಪಾವಗಡದ ಸುತ್ತ ಬಹುಪಾಲು ಆಂಧ್ರದ ಗಡಿ. ಅಲ್ಲಿಗಾಗಲಿ, ದೇವರಾಯನದುರ್ಗದ ಕಾಡುದಾರಿಗಾಗಲಿ ಹೋಗುವ ಮೊದಲು ಮ್ಯಾಪನ್ನು ಫೋನಿಗೆ ಇಳಿಸಿಕೊಳ್ಳಿ: ಪ್ರೊಫೈಲ್ ಚಿತ್ರ, ಆಫ್‌ಲೈನ್ ಮ್ಯಾಪ್ಸ್, ಸೆಲೆಕ್ಟ್ ಯುವರ್ ಓನ್ ಮ್ಯಾಪ್, ಚೌಕವನ್ನು ಜಿಲ್ಲೆಯಷ್ಟು ಹಿಗ್ಗಿಸಿ ಡೌನ್‌ಲೋಡ್. ಇಂಟರ್ನೆಟ್ ಇಲ್ಲದೆಯೂ ಜಿಪಿಎಸ್ ಕೆಲಸ ಮಾಡುತ್ತದೆ, ಆದರೆ ಉಪಗ್ರಹದ ಮಾಹಿತಿಯನ್ನು ಆಕಾಶದಿಂದಲೇ ಪಡೆಯಲು ಅರ್ಧ ನಿಮಿಷವಾದರೂ ಬೇಕು. ಬಯಲಿನಲ್ಲಿ ಸುಮ್ಮನೆ ನಿಂತರೆ ಬೇಗ ಸಿಗುತ್ತದೆ. ಆಫ್‌ಲೈನಿನಲ್ಲಿ ಟ್ರಾಫಿಕ್ ಕಾಣದು, ನಡಿಗೆಯ ದಾರಿಯೂ ಸಿಗದು, ವಾಹನದ ದಾರಿ ಮಾತ್ರ. ಇಮೇಲಿನಲ್ಲಿ ಬಂದ ಚಿಕ್ಕ ಲಿಂಕ್ ಬಿಚ್ಚಿಕೊಳ್ಳಲು ನೆಟ್ ಬೇಕೇ ಬೇಕು, ಅದನ್ನು ಮನೆಯಲ್ಲೇ ತೆರೆದು ಜಾಗವನ್ನು ಸೇವ್ ಮಾಡಿಟ್ಟುಕೊಳ್ಳಿ. ಕಳಿಸುವವರೂ ಲಿಂಕ್ ಒಂದನ್ನೇ ಕಳಿಸದೆ ಸಂಖ್ಯೆ, ಹೆಗ್ಗುರುತು ಎರಡನ್ನೂ ಬರೆಯುವುದು ನ್ಯಾಯ. ಬಾಣ ಅಡ್ಡಾದಿಡ್ಡಿ ತಿರುಗುತ್ತಿದ್ದರೆ ಫೋನ್ ಸ್ಟ್ಯಾಂಡಿನ ಅಯಸ್ಕಾಂತವನ್ನು ಅನುಮಾನಿಸಿ. ಕವರ್ ತೆಗೆದು, ಫೋನನ್ನು ಗಾಳಿಯಲ್ಲಿ ಇಂಗ್ಲಿಷಿನ ಎಂಟರ ಆಕಾರದಲ್ಲಿ ಆಡಿಸಿದರೆ ದಿಕ್ಸೂಚಿ ಸರಿಹೋಗುತ್ತದೆ.

ಲಗ್ನಪತ್ರಿಕೆಯ ಕ್ಯೂಆರ್ ಬಗ್ಗೆ ಹೇಳದೆ ಮುಗಿಸಲಾರೆ, ಒಮ್ಮೆ ಅಚ್ಚಾದ ಮೇಲೆ ತಿದ್ದಲಾಗದ ವಿಳಾಸ ಅದು. ಉಚಿತವಾಗಿ ಕ್ಯೂಆರ್ ಮಾಡಿಕೊಡುವ ಕೆಲವು ತಾಣಗಳು ತಮ್ಮದೇ ಲಿಂಕನ್ನು ನಡುವೆ ಸೇರಿಸುತ್ತವೆ, ಅವಧಿ ಮುಗಿದ ಮೇಲೆ ಅದು ಎಲ್ಲಿಗೂ ಕರೆದೊಯ್ಯುವುದಿಲ್ಲ. ಮ್ಯಾಪಿನ ಲಿಂಕನ್ನೇ ನೇರವಾಗಿ ಹಾಕಿಸಿ. ಪ್ರೂಫ್ ಬಂದ ದಿನ ಬೇರೆಬೇರೆ ಮೂರು ಫೋನಿನಲ್ಲಿ ಸ್ಕ್ಯಾನ್ ಮಾಡಿ, ಅದರಲ್ಲಿ ಒಂದಾದರೂ ಐಫೋನ್ ಇರಲಿ. ಊರು ಗೊತ್ತಿಲ್ಲದ ಒಬ್ಬರನ್ನು ಅದರಂತೆಯೇ ಮಂಟಪದವರೆಗೆ ಕಳಿಸಿ ನೋಡಿ. ಅವರು ಯಾರನ್ನೂ ಕೇಳದೆ ಮುಂಬಾಗಿಲಿಗೆ ಬಂದು ನಿಂತರೆ ಅಚ್ಚಿಗೆ ಕೊಡಿ.