ತಲೆ ಚಚ್ಕೊಳ್ಳೋ ಹುಡುಗನ ಕೈ ಹಿಡಿಯೋಕೆ ಮುಂಚೆ

ಆಟಿಸಂ ಥರದ ತೊಂದರೆ ಇರೋ ಮಕ್ಕಳಿಗೆ ಕಲಿಸೋ ಸ್ಪೆಷಲ್ ಎಜುಕೇಟರ್ ನಾನು, ನಂಗೆ ಅಪ್ಪ ಅಮ್ಮಂದಿರು ಮೊದಲು ಕೇಳೋದೇ "ಮೇಡಂ, ಇವ್ನು ತಲೆ ಚಚ್ಕೊಳ್ಳೋದನ್ನ ನಿಲ್ಸೋದು ಹೇಗೆ" ಅಂತ. ಚಿಕ್ಕವನಿದ್ದಾಗ ಎತ್ಕೊಂಡು ಸಮಾಧಾನ ಮಾಡ್ತಿದ್ರು, ಈಗ ಅಪ್ಪನ ಭುಜಕ್ಕೆ ಬಂದಿದಾನೆ, ಗೋಡೆಗೆ ಗುದ್ಕೊಂಡ್ರೆ ಪಕ್ಕದ ಮನೆಗೂ ಕೇಳ್ಸತ್ತೆ. ನಾನು ಕೇಳೋದು ಬೇರೆ, ಅದಕ್ಕೆ ಸ್ವಲ್ಪ ಮುಂಚೆ ಏನಾಯ್ತು, ಆಮೇಲೆ ನೀವೆಲ್ಲ ಏನ್ ಮಾಡಿದ್ರಿ?

ಇದು ನನ್ನ ಸ್ವಂತ ಬುದ್ಧಿ ಏನಲ್ಲ. 1982ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಮೆರಿಕದ ಬಾಲ್ಟಿಮೋರ್‌ನಲ್ಲಿ ಮನಶ್ಶಾಸ್ತ್ರಜ್ಞ ಬ್ರಯಾನ್ ಇವಾಟಾ ತಂಡ ಹೀಗೆ ತಮ್ಮನ್ನೇ ಹೊಡ್ಕೊಳ್ಳೋ 9 ಜನರನ್ನ 15 ನಿಮಿಷದ ಸೆಷನ್‌ಗಳಲ್ಲಿ ಕೂರಿಸಿ ನೋಡಿದ್ರು. ಒಂದು ಸಲ ಹೊಡ್ಕೊಂಡಾಗ ಮಾತ್ರ ಗಮನ ಕೊಡೋದು, ಒಂದು ಸಲ ಕೆಲಸ ಹೇಳಿ ಹೊಡ್ಕೊಂಡ ತಕ್ಷಣ ಬಿಡೋದು, ಒಂದು ಸಲ ಒಬ್ಬರನ್ನೇ ಬಿಡೋದು, ಇನ್ನೊಂದ್ಸಲ ಸುಮ್ನೆ ಆಟ. ಹೊರಗಿಂದ ಒಂದೇ ಥರ ಕಾಣೋ ಏಟಿಗೆ ಒಬ್ಬೊಬ್ಬರಲ್ಲಿ ಒಂದೊಂದು ಕಾರಣ ಅಂತ ಗೊತ್ತಾಯ್ತು. ಅದಕ್ಕೂ ಮುಂಚೆ, ಅರವತ್ತರ ದಶಕದಲ್ಲಿ, ಇದೇ ನಡವಳಿಕೆ ವಿಜ್ಞಾನದ ಹೆಸರಲ್ಲಿ ಮನಶ್ಶಾಸ್ತ್ರಜ್ಞ ಲೋವಾಸ್ ಅಂಥೋರು ಕರೆಂಟ್ ಶಾಕ್ ಕೊಟ್ಟು ನಿಲ್ಸಿದ್ರು, ಈ ವಿಜ್ಞಾನದಿಂದ ಬಂದ ಏಬಿಎ (ಅಪ್ಲೈಡ್ ಬಿಹೇವಿಯರ್ ಅನಾಲಿಸಿಸ್) ಥೆರಪಿ ಹೆಸರು ಕೇಳಿದ್ರೆ ಬೆಳೆದ ಆಟಿಸ್ಟಿಕ್ ಜನ ಇವತ್ತಿಗೂ ಸಿಟ್ಟಾಗೋದು ಸುಮ್ಸುಮ್ನೆ ಅಲ್ಲ.

ನಮ್ಮಲ್ಲೊಬ್ಬ ಹುಡುಗ, ಮಾತಿಲ್ಲ. ಮಣಿ ಪೋಣಿಸೋ ಟ್ರೇ ಟೇಬಲ್ ಮೇಲೆ ಬಂದ್ರೆ ಸಾಕು, ಮುಷ್ಟಿ ಬಿಗಿಯಾಗಿ ಕಿವಿ ಹತ್ರ ಹೋಗೋದು, ಎರಡೇಟು ಬೀಳ್ತಿದ್ದ ಹಾಗೆ ಟೀಚರ್ ಪಾಪ ಅಂತ ಟ್ರೇ ಎತ್ತಿಬಿಡೋರು. ಅವನ ಪ್ರಕಾರ ಹೊಡ್ಕೊಂಡಿದ್ದು ಕೆಲಸ ಮಾಡ್ತು ತಾನೇ? ಕಿವಿ ಅಂತ ಇಎನ್‌ಟಿ ಡಾಕ್ಟರ್‌ಗೆ ಮೊದಲೇ ತೋರಿಸಿದ್ವಿ, ಕಿವಿ ಸೋರೋದು, ಹಲ್ಲುನೋವು, ಮಲಬದ್ಧತೆ, ಹೆಣ್ಮಕ್ಕಳಿಗೆ ಮುಟ್ಟಿನ ನೋವು ಇದ್ರೆ ಯಾವ ಥೆರಪಿನೂ ನಡೆಯಲ್ಲ. ಅದೇನೂ ಇಲ್ಲ ಅಂದ್ಮೇಲೆ ಅಂಗೈ ತೋರಿಸೋ ಚಿತ್ರದ ಒಂದು 'ಸಾಕು' ಕಾರ್ಡ್ ಮಾಡಿ ಟ್ರೇ ಪಕ್ಕ ಇಟ್ವಿ, ಮುಷ್ಟಿ ಮೇಲೇಳೋ ಮುಂಚೆನೇ ಬೆರಳನ್ನ ಅದರ ಮೇಲಿಡಿಸಿ ತಕ್ಷಣ ಟ್ರೇ ತೆಗೆಯೋದು. ಶುರುವಲ್ಲಿ ಅವನು ಕಾರ್ಡ್ ಮುಟ್ಟೋದೇ ಕೆಲಸ, ಮಣಿ ಒಂದೂ ಪೋಣಿಸ್ತಿರ್ಲಿಲ್ಲ, ಟೀಚರ್‌ಗೆ ಇದು ಸೋಮಾರಿತನ ಕಲಿಸಿದ ಹಾಗೆ ಅನ್ನಿಸ್ತು, ಆದ್ರೆ ಏಟು ಕಮ್ಮಿ ಆಗ್ತಾ ಬಂತು. ಆಮೇಲೆ "ಒಂದು ಮಣಿ, ಆಮೇಲೆ ಸಾಕು", ಹಾಗೇ ನಿಧಾನಕ್ಕೆ ಜಾಸ್ತಿ ಮಾಡಿದ್ವಿ. ಕೈ ಆಡಿಸೋದು, ತೂಗಾಡೋದು ಎಲ್ಲ ಅವನ ಪಾಡಿಗೆ ಬಿಟ್ಟಿದೀವಿ, ಅದರಿಂದ ಯಾರಿಗೇನು ನೋವು?

ಒಂದು ಎಚ್ಚರಿಕೆ, "ಗಮನ ಕೊಡ್ಬೇಡಿ, ತಾನೇ ನಿಲ್ಸ್ತಾನೆ" ಅಂತ ಯಾರೋ ಹೇಳಿದ್ದು ಕೇಳಿ ಮನೇಲಿ ಟ್ರೈ ಮಾಡ್ಬೇಡಿ. ಸಿಗ್ತಿದ್ದಿದ್ದು ದಿಢೀರ್ ಅಂತ ನಿಂತ್ರೆ ಹೊಡ್ಕೊಳ್ಳೋದು ಮೊದಲು ಜೋರಾಗೋ ಸಾಧ್ಯತೆ ಇದೆ, ತಲೆ ಕಣ್ಣಿನ ವಿಷಯದಲ್ಲಿ ಅದು ಹುಡುಗಾಟ ಅಲ್ಲ.

ಆ ಮಣಿ ಟ್ರೇ ಹುಡುಗನದು ಮನೇಲಿ ಬೇರೆಯೇ ಲೆಕ್ಕ. ಅಲ್ಲಿ ಟ್ರೇ ಇಲ್ಲ, ಮೊಬೈಲ್ ಇದೆ, ಹೊಡ್ಕೊಂಡ ತಕ್ಷಣ ಅಜ್ಜಿ ತಂದ್ಕೊಡ್ತಾರೆ. 'ಫೋನ್' ಅಂತ ಇನ್ನೊಂದು ಕಾರ್ಡ್ ಮಾಡಿ ಕಳ್ಸಿದೀವಿ, ಹೊಡ್ಕೊಳ್ಳೋಕೆ ಮುಂಚೆನೇ ಅದನ್ನ ಮುಟ್ಟಿಸಿ ಕೊಡಿ ಅಂತ ಅಜ್ಜಿಗೆ ಹೇಳಿದ್ರೆ "ಮಗು ಅಳೋದನ್ನ ನೋಡ್ಕೊಂಡು ಕಾರ್ಡ್ ಹುಡುಕ್ಲಾ" ಅಂತಾರೆ, ಅದಕ್ಕೆ ಈಗ ಕಾರ್ಡನ್ನ ಫೋನಿನ ಕವರ್‌ಗೇ ಅಂಟಿಸಿದೀವಿ.